ಸಾಯಲಿಲ್ಲ ಅಂದರೆ ಬೆಳೆಯಿತು ಅಂತಲೇ?

(ಧಾರವಾಡದ ಒಂದು ಓದುಗರ ಬಳಗದ ತಿಂಗಳ ಕೂಟದಲ್ಲಿ ಆಡಿದ ಮಾತುಗಳಿವು. ಬರಹಕ್ಕಿಳಿಸುವಾಗ ಒಂದಿಷ್ಟು ಪುನರುಕ್ತಿ ಕಳೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಒಬ್ಬ ತಾಯಿ ನನ್ನ ಕೋಣೆಗೆ ಬಂದಿದ್ದರು. ನಾನು ರೋಗಿಗಳನ್ನು ನೋಡುವ ಡಾಕ್ಟರಲ್ಲ, ವೈದ್ಯಕೀಯ ವಿದ್ಯಾರ್ಥಿಗಳಿಗೆ ಔಷಧಶಾಸ್ತ್ರ ಕಲಿಸುವವನು. ಊರವರಿಗೆ ಆ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಆಕೆ ಚೀಲದೊಳಗಿಂದ ಪೇಪರಿನಲ್ಲಿ ಸುತ್ತಿದ ಬಾಟಲಿಯೊಂದನ್ನು ತೆಗೆದು ಟೇಬಲ್ ಮೇಲಿಟ್ಟರು. ಕಂದು ಗಾಜು, ಡ್ರಾಪರ್ ಇರುವ ಮುಚ್ಚಳ, ಮೈಮೇಲೆ ಏಳು ಬೆರಳಿನ ಹಸಿರು ಎಲೆಯ ಚಿತ್ರ. ಮಗಳಿಗೆ ಚಿಕ್ಕಂದಿನಿಂದ ಫಿಟ್ಸ್ ಇದೆಯಂತೆ. ಮದುವೆಯಾಗಿದೆ, ಈಗ ಎರಡು ತಿಂಗಳ ಬಸುರಿ.

"ಗುಳಿಗಿ ತಗೊಂಡ್ರ ಕೂಸಿಗೆ ತ್ರಾಸ ಆಗ್ತದಂತ್ರೀ ಸರ. ಇದು ಗಿಡದಿಂದ ಮಾಡಿದ್ದಂತ. ಫಿಟ್ಸಿಗೂ ಆಗ್ತದ, ಕೂಸಿನ ಮಿದುಳಿಗೂ ಏನಾಗಂಗಿಲ್ಲಂತ. ಹೌದೇನ್ರಿ?"

ಆ ಬಾಟಲಿಯ ಕಥೆಗೆ ಆಮೇಲೆ ಬರುತ್ತೇನೆ. ಇವತ್ತಿನ ಮಾತೆಲ್ಲ ಆಕೆಯ ಆ "ಏನಾಗಂಗಿಲ್ಲಂತ" ಅನ್ನುವುದರ ಸುತ್ತಲೇ. ಏನಾಗುವುದಿಲ್ಲ? ಯಾರಿಗೆ ಏನಾಗುವುದಿಲ್ಲ? ಅದು ಹೇಗೆ ಗೊತ್ತಾಯಿತು?

ಕ್ಯಾನಬಿಡಿಯಾಲ್, ಅಂದರೆ ಸಿಬಿಡಿ, ಗಾಂಜಾ ಗಿಡದಲ್ಲಿರುವ ಒಂದು ರಾಸಾಯನಿಕ. ನಶೆ ಏರಿಸುವುದು ಇದಲ್ಲ, ಇದರ ದಾಯಾದಿ ಟಿಎಚ್‌ಸಿ. ಎರಡರಲ್ಲೂ ಇರುವ ಪರಮಾಣುಗಳು ಅವೇ: 21 ಇಂಗಾಲ, 30 ಜಲಜನಕ, 2 ಆಮ್ಲಜನಕ. ಕಟ್ಟಡದಲ್ಲಿ ಒಂದು ಉಂಗುರ ಮುಚ್ಚಿಕೊಂಡರೆ ಟಿಎಚ್‌ಸಿ, ತೆರೆದೇ ಉಳಿದರೆ ಸಿಬಿಡಿ. ಅಷ್ಟರಿಂದಲೇ ಒಂದು ತಲೆ ತಿರುಗಿಸುತ್ತದೆ, ಇನ್ನೊಂದು ತಿರುಗಿಸುವುದಿಲ್ಲ. 1940ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ರಾಜರ್ ಆಡಮ್ಸ್ ಸಿಬಿಡಿಯನ್ನು ಗಿಡದಿಂದ ಬೇರ್ಪಡಿಸಿದರು. 1963ರಲ್ಲಿ ಇಸ್ರೇಲಿನ ರಫಾಯೆಲ್ ಮೆಷುಲಾಮ್ ತಮ್ಮ ಸಂಗಡಿಗರೊಂದಿಗೆ ಅದರ ರಚನೆಯನ್ನು ಬಿಡಿಸಿ ತೋರಿಸಿದರು.

ಗಿಡ ಮತ್ತು ಮಕ್ಕಳ ಫಿಟ್ಸ್, ಇವೆರಡರ ನಂಟು ಮಾತ್ರ ಅದಕ್ಕಿಂತ ಹಳೆಯದು, ಮತ್ತು ನಮ್ಮ ನೆಲದ್ದೇ. 1830ರ ದಶಕದ ಕೊನೆಯಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಓಷಾಗ್ನೆಸ್ಸಿ ಎಂಬ ಐರಿಷ್ ವೈದ್ಯರಿದ್ದರು. ಇಲ್ಲಿನ ಹಕೀಮರು, ವೈದ್ಯರು ಗಾಂಜಾ ಬಳಸುವುದನ್ನು ಕಂಡು ತಾವೂ ಪ್ರಯೋಗಕ್ಕೆ ಇಳಿದರು. ಅವರು ಬರೆದಿಟ್ಟ ಪ್ರಕರಣಗಳಲ್ಲಿ 40 ದಿನದ ಒಂದು ಹೆಣ್ಣುಕೂಸಿನದೂ ಇದೆ. ಬಿಡದೆ ಸೆಳವು ಬರುತ್ತಿತ್ತು. ಗಾಂಜಾದ ಸಾರವನ್ನು ಹನಿ ಲೆಕ್ಕದಲ್ಲಿ ಕೊಟ್ಟರು, ಕೂಸು ಚೇತರಿಸಿಕೊಂಡಿತು. 40 ದಿನದ ಮಿದುಳು ಅಂದರೆ ಇನ್ನೂ ಪೂರ್ತಿ ಕಟ್ಟಿ ಮುಗಿಯದ ಮನೆ. ಆ ಕೂಸು ಮುಂದೆ ಹೇಗೆ ಬೆಳೆಯಿತು, ಶಾಲೆಯಲ್ಲಿ ಹೇಗಿತ್ತು ಅನ್ನುವುದನ್ನು ಆ ಪ್ರಬಂಧ ಹೇಳುವುದಿಲ್ಲ. ಹೇಳಬೇಕೆಂದು ಆಗ ಯಾರಿಗೂ ಅನ್ನಿಸಿಯೂ ಇರಲಿಕ್ಕಿಲ್ಲ.

ಈ ಶತಮಾನಕ್ಕೆ ಬರೋಣ. ಡ್ರಾವೆ ಸಿಂಡ್ರೋಮ್ ಅಂತ ಒಂದು ಕಾಯಿಲೆ. ಹುಟ್ಟಿದ ಮೊದಲ ವರ್ಷದಲ್ಲೇ ಫಿಟ್ಸ್ ಶುರುವಾಗಿ ಹೆಚ್ಚಿನ ಔಷಧಿಗಳಿಗೆ ಜಗ್ಗುವುದಿಲ್ಲ. 2017ರಲ್ಲಿ ಅಂಥ 120 ಮಕ್ಕಳು ಮತ್ತು ಹರೆಯದವರ ಮೇಲೆ ನಡೆದ ಪರೀಕ್ಷೆ ಪ್ರಕಟವಾಯಿತು. ಸಿಬಿಡಿ ಪಡೆದವರಲ್ಲಿ ತಿಂಗಳಿಗೆ ಬರುವ ದೊಡ್ಡ ಫಿಟ್ಸ್ 12.4ರಿಂದ 5.9ಕ್ಕೆ ಇಳಿಯಿತು. ಬರೀ ಎಣ್ಣೆಯಂಥ ಹುಸಿ ಔಷಧಿ ಪಡೆದವರಲ್ಲಿ 14.9 ಇದ್ದದ್ದು 14.1 ಆಯಿತು, ಅಷ್ಟೇ. ಮರುವರ್ಷ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಎಪಿಡಿಯೊಲೆಕ್ಸ್ ಎಂಬ ಹೆಸರಿನ ಶುದ್ಧ ಸಿಬಿಡಿಗೆ ಒಪ್ಪಿಗೆ ಕೊಟ್ಟಿತು. ಎಳ್ಳೆಣ್ಣೆಯಲ್ಲಿ ಕರಗಿಸಿದ್ದು, ಸ್ಟ್ರಾಬೆರಿ ರುಚಿ ಸೇರಿಸಿದ್ದು. ಮೊದಲು 2 ವರ್ಷ ಮೇಲ್ಪಟ್ಟವರಿಗೆ ಅಂತಿತ್ತು, 2020ರಲ್ಲಿ 1 ವರ್ಷಕ್ಕೆ ಇಳಿಸಿದರು.

ಅಲ್ಲಿಗೆ ಮಾತು ಮುಗಿಯಿತಲ್ಲ, ಒಂದು ವರ್ಷದ ಮಗುವಿಗೇ ಕೊಡಬಹುದು ಅಂದಮೇಲೆ ಇನ್ನೇನು ಅಂತ ನಿಮಗನ್ನಿಸಬಹುದು. ಇಲ್ಲೇ ನಾವು ಎಡವುವುದು. ಆ ಮಗುವಿನ ತಕ್ಕಡಿಯ ಒಂದು ತಟ್ಟೆಯಲ್ಲಿ ಔಷಧಿಯ ತೊಂದರೆಗಳಿವೆ: ನಿದ್ದೆಗಣ್ಣು, ಭೇದಿ, ಊಟ ಸೇರದಿರುವುದು, ಲಿವರ್ ಕಿಣ್ವಗಳ ಏರಿಕೆ. ಫಿಟ್ಸಿನ ಬೇರೆ ಔಷಧಿಗಳಲ್ಲಿ ವ್ಯಾಲ್ಪ್ರೋಯೇಟ್ ಜೊತೆ ಕೊಟ್ಟರೆ ಲಿವರಿನ ತೊಂದರೆ ಇನ್ನೂ ಹೆಚ್ಚು, ಕ್ಲೋಬಜಾಮ್ ಜೊತೆ ಕೊಟ್ಟರೆ ಮಂಪರು ಹೆಚ್ಚು. ಇನ್ನೊಂದು ತಟ್ಟೆಯಲ್ಲಿ ಯಾವ ಹೊತ್ತಿಗೂ ಜೀವ ತೆಗೆಯಬಹುದಾದ ಫಿಟ್ಸ್ ಇದೆ. ಫಿಟ್ಸ್ ತಾನೇ ಬೆಳೆಯುವ ಮಿದುಳನ್ನು ಹಾಳು ಮಾಡುತ್ತದೆ. ಹಾಗಾಗಿ ಅಲ್ಲಿ ತಕ್ಕಡಿ ಔಷಧಿಯ ಕಡೆ ವಾಲುತ್ತದೆ. ತಾಯಿಗೂ ತನಗೂ ಫಿಟ್ಸೇ ಇಲ್ಲದ ಭ್ರೂಣದ ವಿಷಯದಲ್ಲಿ ಆ ಎರಡನೆಯ ತಟ್ಟೆ ಖಾಲಿ. ಒಂದೇ ಪದಾರ್ಥವಾದರೂ ತೂಕ ಬೇರೆ.

ಇನ್ನು ಪ್ರಯೋಗಾಲಯದ ಮಾತು. ನಾನೂ ಕೆಲವು ವರ್ಷ ಆ ಕೆಲಸ ಮಾಡಿದವನು, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

"ಸಿಬಿಡಿ ನರಕೋಶಗಳಿಗೆ ಸುರಕ್ಷಿತ" ಅಂತ ಮೊಬೈಲ್‌ನಲ್ಲಿ ಒಂದು ಸಾಲು ಬರುತ್ತದಲ್ಲ, ಅದು ಹುಟ್ಟುವ ಜಾಗ ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ 8 ಸಾಲು, 12 ಕಂಬ, ಒಟ್ಟು 96 ಗುಂಡಿಗಳು. ಪುಟ್ಟ ಇಡ್ಲಿ ತಟ್ಟೆ ಅಂದುಕೊಳ್ಳಿ. ಒಂದೊಂದು ಗುಂಡಿಯಲ್ಲೂ ಕೆಲವು ಸಾವಿರ ಕೋಶಗಳು, ಮೇಲೆ ಹನಿ ಗುಲಾಬಿ ಬಣ್ಣದ ಪೋಷಕ ದ್ರವ. ಮೊದಲ ಕಂಬಕ್ಕೆ ಏನೂ ಹಾಕುವುದಿಲ್ಲ, ಮುಂದಿನದಕ್ಕೆ ಸ್ವಲ್ಪ ಸಿಬಿಡಿ, ಅದರ ಮುಂದಿನದಕ್ಕೆ ಇನ್ನಷ್ಟು, ಹೀಗೆ ಏರಿಸುತ್ತ ಹೋಗುತ್ತಾರೆ. ಒಂದು ದಿನವೋ ಎರಡು ದಿನವೋ ಬಿಟ್ಟು ಎಂಟಿಟಿ ಎಂಬ ಹಳದಿ ದ್ರಾವಣ ಸುರಿಯುತ್ತಾರೆ. ಜೀವವಿರುವ ಕೋಶ ಆ ಹಳದಿಯನ್ನು ನೇರಳೆ ಹರಳಾಗಿಸುತ್ತದೆ, ಸತ್ತದ್ದಕ್ಕೆ ಆ ಶಕ್ತಿ ಇಲ್ಲ. ಮೂರ್ನಾಲ್ಕು ಗಂಟೆ ಬಿಟ್ಟು ನೋಡಿದರೆ ತಟ್ಟೆಯ ಒಂದು ತುದಿ ನೇರಳೆ ಹಣ್ಣಿನ ಬಣ್ಣ, ಇನ್ನೊಂದು ತುದಿ ಹಾಗೇ ಅರಿಸಿನ. ಯಂತ್ರಕ್ಕಿಟ್ಟರೆ ಬಣ್ಣ ಅಂಕಿಯಾಗುತ್ತದೆ. ಮೊದಲ ಸಲ ಅದನ್ನು ಕಂಡಾಗ ನನಗೆ ಸತ್ಯವೇ ಕಣ್ಣಿಗೆ ಕಂಡಷ್ಟು ಖುಷಿಯಾಗಿತ್ತು.

ಆದರೆ ಆ ನೇರಳೆ ಹೇಳುವುದು ಒಂದೇ ಮಾತು, ಕೋಶ ಉಸಿರಾಡುತ್ತಿದೆ ಅಂತ. ಬೆಳೆಯುವ ನರಕೋಶಕ್ಕೆ ಉಸಿರಾಡುವುದಷ್ಟೇ ಕೆಲಸವಲ್ಲ. ಅದು ಹುಟ್ಟಿದ ಜಾಗದಿಂದ ತನ್ನ ಪದರಕ್ಕೆ ನಡೆದು ಹೋಗಬೇಕು, ಉದ್ದನೆಯ ಎಳೆ ಚಾಚಿ ಸರಿಯಾದ ಸಂಗಾತಿಯನ್ನು ಹುಡುಕಬೇಕು, ಗಂಟು ಹಾಕಿಕೊಳ್ಳಬೇಕು, ಬೇಡದ ಗಂಟನ್ನು ಬಿಚ್ಚಬೇಕು. ನಮ್ಮ ಕಡೆ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶೇಂಗಾ ಹೊಲ ಕೆಲವು ವರ್ಷ ಹಚ್ಚಗೆ, ಕಣ್ಣು ತುಂಬುವಂತೆ ಎದ್ದಿರುತ್ತದೆ. ಕಿತ್ತು ನೋಡಿದರೆ ಬೇರಿನಲ್ಲಿ ಕಾಯಿಯೇ ಇರುವುದಿಲ್ಲ. ಹೊಲ ಸತ್ತಿಲ್ಲವಲ್ಲ ಅಂತ ಯಾರಾದರೂ ಸಮಾಧಾನ ಹೇಳಿದರೆ ಹೇಗಿರುತ್ತದೆ?

ಪ್ರಮಾಣದ ಲೆಕ್ಕವೂ ಇದೆ. ಇದು ಸ್ವಲ್ಪ ಒಣ ಲೆಕ್ಕ, ಸಹಿಸಿಕೊಳ್ಳಿ. ತಟ್ಟೆಯ ಪ್ರಯೋಗಗಳಲ್ಲಿ ಸಾಮಾನ್ಯವಾಗಿ 1ರಿಂದ 10 ಮೈಕ್ರೋಮೋಲಾರ್ ಸಿಬಿಡಿ ಬಳಸುತ್ತಾರೆ. 1 ಮೈಕ್ರೋಮೋಲಾರ್ ಅಂದರೆ ಒಂದು ಮಿಲಿಲೀಟರಿನಲ್ಲಿ ಸುಮಾರು 314 ನ್ಯಾನೋಗ್ರಾಂ. ಆರೋಗ್ಯವಂತ ವಯಸ್ಕರು ದಿನಕ್ಕೆರಡು ಸಲ 750 ಮಿಲಿಗ್ರಾಂ ನುಂಗಿದಾಗ ರಕ್ತದಲ್ಲಿ ಕಂಡ ಗರಿಷ್ಠ ಮಟ್ಟ ಹೆಚ್ಚುಕಡಿಮೆ ಅಷ್ಟೇ. ಅದೇನೂ ಸಣ್ಣ ಡೋಸ್ ಅಲ್ಲ. ಹಾಗಾದರೆ 10 ಮೈಕ್ರೋಮೋಲಾರ್‌ನಲ್ಲಿ ಕೋಶ ಸತ್ತರೆ ಹೆದರಬೇಕಿಲ್ಲ ಅನ್ನಬಹುದೇ? ಅದೂ ಕಷ್ಟ. ರಕ್ತದಲ್ಲಿರುವ ಸಿಬಿಡಿಯಲ್ಲಿ ನೂರಕ್ಕೆ 94ಕ್ಕಿಂತ ಹೆಚ್ಚು ಪಾಲು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಬಿಡುವಾಗಿ ಓಡಾಡುವುದು ಬಹಳ ಕಡಿಮೆ. ತಟ್ಟೆಯ ದ್ರವಕ್ಕೆ ರಕ್ತಸಾರ ಸೇರಿಸದಿದ್ದರೆ ಅಂಟಿಕೊಳ್ಳಲು ಪ್ರೋಟೀನೇ ಇಲ್ಲ, ಅದೇ 10 ಎಷ್ಟೋ ಪಾಲು ಖಾರವಾಗುತ್ತದೆ. ಇತ್ತ ಸಿಬಿಡಿ ಕೊಬ್ಬಿನಲ್ಲಿ ಕರಗುವಂಥದ್ದು, ಪ್ಲಾಸ್ಟಿಕ್ಕಿಗೂ ಅಂಟುತ್ತದೆ. ಹಾಕಿದಷ್ಟೂ ಕೋಶಕ್ಕೆ ತಲುಪಿತೆಂದೂ ಇಲ್ಲ. ದೇಹದೊಳಗೂ ಇದೇ ಚೇಷ್ಟೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಒಂದು ಲೆಕ್ಕ, ತುಪ್ಪ-ಬೆಣ್ಣೆಯ ಊಟದ ಜೊತೆ ನುಂಗಿದರೆ ರಕ್ತದಲ್ಲಿ ಒಟ್ಟು ಸೇರುವ ಮೊತ್ತ ಸುಮಾರು ನಾಲ್ಕು ಪಟ್ಟು. ಹೋಳಿಗೆ ಉಂಡ ದಿನ, ಉಪವಾಸದ ದಿನ, ಎರಡೂ ಒಂದೇ ಡೋಸ್ ಅಲ್ಲ.

ಇದೆಲ್ಲ ಸೇರಿ ಫಲಿತಾಂಶಗಳು ಒಂದಕ್ಕೊಂದು ಜಗಳವಾಡುತ್ತವೆ. ನರತಂತುವಿಗೆ ಕೊಬ್ಬಿನ ಹೊದಿಕೆ ಸುತ್ತುವ ಆಲಿಗೋಡೆಂಡ್ರೋಸೈಟ್ ಎಂಬ ಕೋಶಗಳಿವೆ. ವೈರಿಗೆ ಪ್ಲಾಸ್ಟಿಕ್ ಕೋಟಿಂಗ್ ಹಾಕಿದ ಹಾಗೆ ಇವುಗಳ ಕೆಲಸ, ಹುಟ್ಟುವ ಮೊದಲು ಶುರುವಾದದ್ದು ಇಪ್ಪತ್ತರ ಹರೆಯದವರೆಗೂ ನಡೆಯುತ್ತಲೇ ಇರುತ್ತದೆ. ಸ್ಪೇನಿನ ಒಂದು ಗುಂಪು 2010ರಲ್ಲಿ, ಇಲಿಯ ಈ ಕೋಶಗಳಿಗೆ ಸಿಬಿಡಿ ಹಾಕಿದರೆ ಒಳಗಿನ ಕ್ಯಾಲ್ಸಿಯಂ ಏರಿ ಕೋಶ ಸಾಯುತ್ತದೆ ಅಂತ ಬರೆಯಿತು. 2012ರಲ್ಲಿ ಅದೇ ದೇಶದ ಇನ್ನೊಂದು ಗುಂಪು, ಇದೇ ಕೋಶಗಳ ಪೂರ್ವಜರನ್ನು ಉರಿಯೂತದಿಂದ ಸಿಬಿಡಿ ಕಾಪಾಡುತ್ತದೆ ಅಂತ ಬರೆಯಿತು. ಇಬ್ಬರದೂ ಸುಳ್ಳಲ್ಲ. ಒಬ್ಬರು ನೆಮ್ಮದಿಯಾಗಿದ್ದ ಕೋಶಕ್ಕೆ ಹಾಕಿದರು, ಇನ್ನೊಬ್ಬರು ಬೆಂಕಿ ಬಿದ್ದ ಮನೆಗೆ ನೀರು ಹಾಕಿದರು. ಬೆಂಕಿ ಬಿದ್ದಾಗ ನೀರು ಒಳ್ಳೆಯದು ಅಂತ ದಿನಾ ಪುಸ್ತಕದ ಕಪಾಟಿಗೆ ನೀರು ಸುರಿಯುತ್ತೇವೆಯೇ?

ಹೆರಿಗೆಯ ಹೊತ್ತಿನಲ್ಲಿ ಉಸಿರುಗಟ್ಟಿದ ಕೂಸುಗಳ ಮಿದುಳಿಗಾಗಿ ನಡೆದ ಕೆಲಸವೂ ಹೀಗೇ. ಮ್ಯಾಡ್ರಿಡ್‌ನ ಸಂಶೋಧಕರು ಆಗತಾನೇ ಹುಟ್ಟಿದ ಹಂದಿಮರಿಗಳಿಗೆ ಸ್ವಲ್ಪ ಹೊತ್ತು ಆಮ್ಲಜನಕ ಕಡಿಮೆ ಮಾಡಿ, ಆಮೇಲೆ ಸಿಬಿಡಿ ಕೊಟ್ಟು ನೋಡಿದ್ದಾರೆ. ಹಾನಿ ಕಡಿಮೆಯಾಯಿತು. ಆ ಕೆಲಸ ನನಗೆ ಬಹಳ ಹಿಡಿಸುತ್ತದೆ, ಮುಂದೆ ಅದರಿಂದ ಯಾವುದೋ ಕೂಸಿಗೆ ಒಳ್ಳೆಯದಾಗಲೂಬಹುದು. ಇನ್ನು ಪ್ರಮಾಣ ಬದಲಾದರೆ ದಿಕ್ಕೇ ಬದಲಾಗುವುದಕ್ಕೂ ಸಾಕ್ಷಿ ಇದೆ. 2016ರ ಒಂದು ಅಧ್ಯಯನದಲ್ಲಿ ದೊಡ್ಡ ಇಲಿಗಳಿಗೆ, ಅಂದರೆ ಮರಿಗಳಲ್ಲದವಕ್ಕೆ, ಕಿಲೋಗೆ 3 ಮಿಲಿಗ್ರಾಂನಂತೆ ಕೊಟ್ಟಾಗ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುವುದು ಹೆಚ್ಚಿತು, 30 ಕೊಟ್ಟಾಗ ಕಡಿಮೆಯಾಯಿತು. ಅತಿಯಾದರೆ ಅಮೃತವೂ ವಿಷ ಅನ್ನುವುದನ್ನು ಇಷ್ಟು ಅಚ್ಚುಕಟ್ಟಾಗಿ ತೋರಿಸುವ ಪ್ರಯೋಗ ಅಪರೂಪ.

ಈಗ ಹೊಟ್ಟೆಯೊಳಗಿನ ಕೂಸಿಗೆ ಬರೋಣ. ಗಾಂಜಾದ ರಾಸಾಯನಿಕಕ್ಕೂ ಭ್ರೂಣದ ಮಿದುಳಿಗೂ ಏನು ಸಂಬಂಧ? ಸಂಬಂಧ ಇದೆ, ಯಾಕೆಂದರೆ ಆ ಗಿಡ ಒತ್ತುವ ಗುಂಡಿಗಳು ನಮ್ಮ ದೇಹದ್ದೇ. 1988ರಲ್ಲಿ ಮಿದುಳಿನಲ್ಲಿ ಗಾಂಜಾದ ಪದಾರ್ಥ ಕೂರುವ ಗ್ರಾಹಕವೊಂದು ಸಿಕ್ಕಿತು, ಈಗ ಅದನ್ನು ಸಿಬಿ-1 ಅನ್ನುತ್ತೇವೆ. ಗಿಡಕ್ಕಾಗಿ ದೇಹ ಯಾಕೆ ಕುರ್ಚಿ ಇಟ್ಟುಕೊಂಡಿರುತ್ತದೆ? ಮನೆಯವರು ಯಾರೋ ಕೂರುತ್ತಿರಬೇಕು ಅಂತ ಹುಡುಕಿದರು. 1992ರಲ್ಲಿ ಮೆಷುಲಾಮ್ ಅವರ ಪ್ರಯೋಗಾಲಯದಲ್ಲಿ ಆ ಮನೆಯವರು ಸಿಕ್ಕರು. ಹೆಸರಿಟ್ಟದ್ದು ಆನಂದಮೈಡ್. ಹೌದು, ನಮ್ಮ ಆನಂದವೇ. ಜೆರುಸಲೆಮ್‌ನಲ್ಲಿ ಕುಳಿತು ಸಂಸ್ಕೃತದಲ್ಲಿ ನಾಮಕರಣ ಮಾಡಿದರು.

ಹೆಸರು ಆನಂದವಾದರೂ ಭ್ರೂಣದಲ್ಲಿ ಅದರ ಕೆಲಸ ಮೇಸ್ತ್ರಿಯದು. ಎಳೆ ನರಕೋಶ ಚಾಚುವ ತಂತುವಿನ ತುದಿ ಎತ್ತ ತಿರುಗಬೇಕು, ಎಲ್ಲಿ ನಿಲ್ಲಬೇಕು ಅನ್ನುವುದರಲ್ಲಿ ಈ ದೇಹದ್ದೇ ಪದಾರ್ಥಗಳ ಕೈವಾಡ ಇದೆ ಅಂತ 2007ರಿಂದೀಚೆಗೆ ಚೆನ್ನಾಗಿ ಗೊತ್ತಾಗಿದೆ. ಟಿಎಚ್‌ಸಿ ನೇರವಾಗಿ ಆ ಕುರ್ಚಿಯಲ್ಲಿ ಕೂರುತ್ತದೆ. ಸಿಬಿಡಿ ಅಲ್ಲಿ ಸರಿಯಾಗಿ ಕೂರುವುದಿಲ್ಲ, ಅದಕ್ಕೇ ನಶೆ ಇಲ್ಲ. ಬಹಳ ಜನ "ಹಾಗಾದರೆ ಭ್ರೂಣಕ್ಕೂ ಏನಿಲ್ಲ" ಅಂತ ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಮುಚ್ಚಬಾರದು. ಸಿಬಿಡಿ ಬೇರೆ ಹಲವು ಬಾಗಿಲು ತಟ್ಟುತ್ತದೆ. ಮೆಣಸಿನಕಾಯಿಯ ಖಾರ ಗುರುತಿಸುವ ಟಿಆರ್‌ಪಿವಿ-1, ಸೆರೊಟೋನಿನ್‌ನ ಒಂದು ಗ್ರಾಹಕ, ನರಕೋಶದ ಉದ್ವೇಗಕ್ಕೆ ಬ್ರೇಕ್ ಹಾಕುವ ಪೊಟ್ಯಾಸಿಯಂ ಬಾಗಿಲುಗಳು. ಈ ಕೊನೆಯವು ಫಿಟ್ಸ್ ತಡೆಯಲು ನೆರವಾಗಬಲ್ಲವು. ಆದರೆ ಎಳೆಯ ನರಕೋಶಗಳು ಗುಂಪುಗುಂಪಾಗಿ ಮಿಡಿಯುತ್ತಲೇ ಪರಸ್ಪರ ಪರಿಚಯ ಮಾಡಿಕೊಳ್ಳುವುದು. ಆ ಹೊತ್ತಿನಲ್ಲಿ ಬ್ರೇಕ್ ಒತ್ತಿದರೆ ಪರಿಚಯಕ್ಕೇ ಕುತ್ತು ಬರಬಹುದು.

ಬರುತ್ತದೆಯೇ? ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು ಇದನ್ನೇ ಕೇಳಿದರು. ಅಲ್ಲಿ ಗಾಂಜಾ ಕಾನೂನುಬದ್ಧ, ವಾಂತಿ-ವಾಕರಿಕೆಗೆ ಅಂತ ಬಸುರಿಯರೂ ಸಿಬಿಡಿ ಎಣ್ಣೆಯ ಮೊರೆ ಹೋಗುವುದುಂಟು. 2023ರಲ್ಲಿ ಅವರ ಫಲಿತಾಂಶ ಬಂತು. ಗಬ್ಬದ ಇಲಿಗಳಿಗೆ ಐದನೆಯ ದಿನದಿಂದ ಹೆರಿಗೆಯವರೆಗೆ ದಿನಾ ಕಿಲೋಗೆ 50 ಮಿಲಿಗ್ರಾಂ ಸಿಬಿಡಿಯನ್ನು ಬಾಯಿಯ ಮೂಲಕ ಕೊಟ್ಟರು. ಮರಿಗಳಿಗೆ ಹುಟ್ಟಿದ ಮೇಲೆ ಏನೂ ಕೊಡಲಿಲ್ಲ, ಬೆಳೆದು ದೊಡ್ಡವಾಗಲು ಬಿಟ್ಟರು. ಆಮೇಲೆ ಪರೀಕ್ಷೆ.

ಒಂದು ಪರೀಕ್ಷೆ ನನಗೆ ಬಹಳ ಇಷ್ಟ. ಇಲಿಗೆ ಬೆಳಕು ಕಂಡರೆ ಆಗದು. ಬೆಳಕಿರುವ ಡಬ್ಬಿಯಲ್ಲಿ ಬಿಟ್ಟು, ಪಕ್ಕದ ಕತ್ತಲೆ ಗೂಡಿಗೆ ಸಣ್ಣ ನುಸುಳುದಾರಿ ಇಡುತ್ತಾರೆ. ಮೊದಲು ದಾರಿ ತೆರೆದಿರುತ್ತದೆ, ಓಡಿ ಹೋಗುತ್ತದೆ. ಆಮೇಲೆ ದಾರಿಗೆ ಮರದ ಹೊಟ್ಟು ತುಂಬುತ್ತಾರೆ, ಅಗೆದು ಹೋಗಬೇಕು. ಇನ್ನೊಮ್ಮೆ ಬಿರಡೆ ಜಡಿಯುತ್ತಾರೆ, ಎಳೆದು ತೆಗೆಯಬೇಕು. ಗರ್ಭದಲ್ಲಿ ಸಿಬಿಡಿ ಕಂಡಿದ್ದ ಹೆಣ್ಣಿಲಿಗಳು ಇಂಥ ಒಗಟು ಬಿಡಿಸುವುದರಲ್ಲಿ ಹಿಂದೆ ಬಿದ್ದವು. ಅವುಗಳ ಮುಂಮಿದುಳಿನ ಕೋಶಗಳನ್ನು ತಪಾಸಿಸಿದರೆ ಮಿಡಿತ ಮಂದವಾಗಿತ್ತು. ಗಂಡಿಲಿಗಳಲ್ಲಿ ತೊಂದರೆ ಬೇರೆಯೇ: ಬಿಸಿಯ ನೋವು ಹೆಚ್ಚು ತಾಗುತ್ತಿತ್ತು. ಎಲ್ಲ ಪರೀಕ್ಷೆಗಳಲ್ಲೂ ಕೆಟ್ಟ ಫಲಿತಾಂಶ ಬಂತು ಅಂತಲ್ಲ. ಆದರೆ ಗಮನಿಸಿ, ಇವು ಬದುಕಿದ್ದ, ಓಡಾಡುತ್ತಿದ್ದ ಇಲಿಗಳು. ಎಂಟಿಟಿ ತಟ್ಟೆಯಲ್ಲಾಗಿದ್ದರೆ ನೇರಳೆ ಬಣ್ಣವೇ ಬರುತ್ತಿತ್ತು.

ಕಿಲೋಗೆ 50 ಅಂದರೆ ವಿಪರೀತವಲ್ಲವೇ ಅಂತ ಕೇಳಬಹುದು. ಇಲಿಯ ಡೋಸನ್ನು ಮನುಷ್ಯರಿಗೆ ಹಾಗೇ ಗುಣಿಸುವುದಿಲ್ಲ, ಮೈಯ ವಿಸ್ತೀರ್ಣದ ಲೆಕ್ಕದಲ್ಲಿ ಸುಮಾರು 12ರಿಂದ ಭಾಗಿಸುತ್ತೇವೆ. 60 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಹತ್ತಿರ ಹತ್ತಿರ 250 ಮಿಲಿಗ್ರಾಂ ಆಯಿತು. ಅಂಗಡಿಯ ಎಣ್ಣೆಯ ನಾಲ್ಕು ಹನಿಗಿಂತ ಇದು ಬಹಳ ಹೆಚ್ಚು, ಫಿಟ್ಸಿಗೆ ಕೊಡುವ ಡೋಸಿಗೆ ಹೋಲಿಸಿದರೆ ಹೆಚ್ಚೇನಲ್ಲ. 20 ಕಿಲೋ ತೂಕದ ಮಗುವಿಗೇ ಡಾಕ್ಟರು ದಿನಕ್ಕೆ 200ರಿಂದ 400 ಮಿಲಿಗ್ರಾಂ ಬರೆಯುತ್ತಾರೆ. ಇಲಿಯ ಮಾತನ್ನು ಮನುಷ್ಯರ ಮಾತು ಅಂತ ನಾನು ಹೇಳುತ್ತಿಲ್ಲ. ಇಲಿ "ಇಲ್ಲಿ ನೋಡಿ" ಅಂತ ಬೆರಳು ತೋರಿಸಿತು, ಅಷ್ಟೇ. ಬ್ರಿಟನ್ನಿನ ಆಹಾರ ಇಲಾಖೆ 2020ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 70 ಮಿಲಿಗ್ರಾಂ ಸಿಬಿಡಿ ಮೀರಬೇಡಿ ಅಂದಿತ್ತು, 2023ರಲ್ಲಿ ಅದನ್ನು 10ಕ್ಕೆ ಇಳಿಸಿತು. ಬಸುರಿ-ಬಾಣಂತಿಯರಿಗೆ ಮೊದಲಿನಿಂದಲೂ ಬೇಡವೆಂದೇ ಹೇಳಿದೆ.

ಇಷ್ಟು ಹೇಳಿದ ಮೇಲೂ "ಇಲಿ ತಾನೇ" ಅನ್ನುವವರಿಗೆ ನಾನು ವ್ಯಾಲ್ಪ್ರೋಯೇಟ್ ಕಥೆ ಹೇಳುತ್ತೇನೆ. ಇದು ಗಿಡದ್ದಲ್ಲ. ಫ್ರಾನ್ಸಿನಲ್ಲಿ ಬೇರೆ ಔಷಧಿಗಳನ್ನು ಕರಗಿಸಲು ಬಳಸುತ್ತಿದ್ದ ದ್ರವ. ಅದರಲ್ಲಿ ಏನು ಕರಗಿಸಿ ಕೊಟ್ಟರೂ ಪ್ರಾಣಿಗಳ ಫಿಟ್ಸ್ ನಿಲ್ಲುತ್ತಿದೆಯಲ್ಲ ಅಂತ 1963ರಲ್ಲಿ ಹೊಳೆಯಿತು. ಕೆಲಸ ಮಾಡುತ್ತಿದ್ದದ್ದು ಕರಗಿದ್ದಲ್ಲ, ಕರಗಿಸಿದ್ದು. 1967ರಲ್ಲಿ ಮಾರುಕಟ್ಟೆಗೆ ಬಂತು, ಇವತ್ತಿಗೂ ಫಿಟ್ಸಿಗೆ ದೊಡ್ಡ ಔಷಧಿ, ಈ ಸಭೆಯಲ್ಲೇ ಕೆಲವರ ಮನೆಯಲ್ಲಿ ಇರಬಹುದು. ತಟ್ಟೆಯಲ್ಲಿ ಅದರ ನಡವಳಿಕೆ ಚಿನ್ನದಂಥದ್ದು. ನರಕೋಶಗಳನ್ನು ಸಾವಿನಿಂದ ಕಾಪಾಡುತ್ತದೆ, ಮೂಲಕೋಶಗಳನ್ನು ನರಕೋಶವಾಗುವಂತೆ ಪುಸಲಾಯಿಸುತ್ತದೆ. ಬರೀ ತಟ್ಟೆ ನೋಡಿದವರು ಬೆಳೆಯುವ ಮಿದುಳಿಗೆ ಇದಕ್ಕಿಂತ ಒಳ್ಳೆಯ ಗೆಳೆಯನಿಲ್ಲ ಅಂದಾರು.

1982ರಲ್ಲಿ ಫ್ರಾನ್ಸಿನ ಲಿಯೋನ್‌ನಿಂದ ಸುದ್ದಿ ಬಂತು. ಬಸುರಿನಲ್ಲಿ ವ್ಯಾಲ್ಪ್ರೋಯೇಟ್ ತೆಗೆದುಕೊಂಡ ತಾಯಂದಿರ ಕೂಸುಗಳಲ್ಲಿ ಬೆನ್ನುಹುರಿ ಮುಚ್ಚಿಕೊಳ್ಳದ ದೋಷ ಹೆಚ್ಚಾಗಿ ಕಾಣುತ್ತಿದೆ ಅಂತ. ಅದಾದರೂ ಹುಟ್ಟಿದ ಕೂಡಲೇ ಕಣ್ಣಿಗೆ ಬೀಳುವ ದೋಷ. ಕಾಣದ್ದಕ್ಕೆ ಇನ್ನೂ ಕಾಲ ಹಿಡಿಯಿತು. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಮಕ್ಕಳನ್ನು ಗರ್ಭದಿಂದಲೇ ಹಿಂಬಾಲಿಸಿದ ಅಧ್ಯಯನವೊಂದು 2013ರಲ್ಲಿ ಅವರ ಆರನೆಯ ವಯಸ್ಸಿನ ಐಕ್ಯೂ ಪ್ರಕಟಿಸಿತು. ಲ್ಯಾಮೊಟ್ರಿಜಿನ್ ಎಂಬ ಇನ್ನೊಂದು ಫಿಟ್ಸ್ ಔಷಧಿಯನ್ನು ಗರ್ಭದಲ್ಲಿ ಕಂಡ ಮಕ್ಕಳದು ಸರಾಸರಿ 108, ವ್ಯಾಲ್ಪ್ರೋಯೇಟ್ ಕಂಡವರದು 97. ಔಷಧಿ ಬಂದದ್ದು 1967, ಈ ಅಂಕಿ ಬಂದದ್ದು 2013. ನಡುವೆ 46 ವರ್ಷ. ನಮ್ಮ ದೇಶದಲ್ಲೂ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ 1998ರಿಂದ ಫಿಟ್ಸ್ ಇರುವ ಬಸುರಿಯರ ದಾಖಲೆ ಇಟ್ಟು, ಅವರ ಮಕ್ಕಳು ಹೇಗೆ ಬೆಳೆಯುತ್ತಾರೆ ಅನ್ನುವುದನ್ನು ನೋಡುತ್ತ ಬಂದಿದೆ. ಇಂಥ ಕೆಲಸ ಸುದ್ದಿಯಾಗುವುದಿಲ್ಲ. ಒಂದು ಕೂಸು ಹುಟ್ಟಿ, ನಡೆದು, ಮಾತಾಡಿ, ಒಂದನೆಯ ಇಯತ್ತೆಗೆ ಹೋಗುವವರೆಗೂ ಕಾಯಬೇಕು. ತಟ್ಟೆಗೆ ಎರಡು ದಿನ ಸಾಕು.

ಸಿಬಿಡಿಗೆ ಔಷಧಿಯಾಗಿ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ನೀವೇ ಲೆಕ್ಕ ಹಾಕಿ.

ಇಷ್ಟಕ್ಕೇ ನಿಲ್ಲಿಸಿದ್ದೆ, ಪ್ರಶ್ನೆಗಳು ಬಂದವು. ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ನಮ್ಮ ಅಜ್ಜಿ ಹೋಳಿ ಹುಣ್ಣಿವಿಗೆ ಭಂಗಿ ಕುಡೀತಿದ್ಲು, ಎಂಟು ಮಕ್ಕಳನ್ನ ಹಡೆದ್ಲು. ಯಾರಿಗೂ ಏನೂ ಆಗಿಲ್ಲಲ್ರೀ?" ಅಂದರು. ಸಭೆ ನಕ್ಕಿತು, ನಾನೂ ನಕ್ಕೆ. ವರ್ಷಕ್ಕೊಮ್ಮೆ ಹಬ್ಬಕ್ಕೆ ಕುಡಿಯುವುದು ಬೇರೆ, ಒಂಬತ್ತು ತಿಂಗಳು ದಿನಾ ಸಾರ ಇಳಿಸಿದ ಎಣ್ಣೆ ನೆಕ್ಕುವುದು ಬೇರೆ. ಭಂಗಿಯಲ್ಲಿ ಟಿಎಚ್‌ಸಿಯೂ ಇರುತ್ತದೆ, ಬಸುರಿಗೆ ಅದು ಬೇಡವೇ ಬೇಡ. ಇನ್ನು ಯಾರಿಗೂ ಏನೂ ಆಗಿಲ್ಲ ಅನ್ನುವುದು. ಆ ಎಂಟು ಮಕ್ಕಳಲ್ಲಿ ಒಬ್ಬರು ಲೆಕ್ಕದಲ್ಲಿ ಸ್ವಲ್ಪ ಹಿಂದೆ ಬಿದ್ದಿದ್ದರೆ ಆ ಕಾಲದಲ್ಲಿ ಯಾರಾದರೂ ಭಂಗಿಯ ಕಡೆ ಬೆರಳು ತೋರಿಸುತ್ತಿದ್ದರೇ? ಮಾಸ್ತರರ ಕಡೆ ತೋರಿಸುತ್ತಿದ್ದರು. ಗಿಡದ್ದು ಅಂದರೆ ಸೌಮ್ಯ ಅನ್ನುವ ನಂಬಿಕೆಯೂ ಹಾಗೇ. ಕಣಗಿಲೆಯೂ ಗಿಡವೇ, ಉಮ್ಮತ್ತಿಯೂ ಗಿಡವೇ.

ಇನ್ನೊಬ್ಬ ತರುಣಿ ಕೇಳಿದರು: ಆನ್‌ಲೈನ್‌ನಲ್ಲಿ ಸಿಗುವ ಎಣ್ಣೆಯ ಮೇಲೆ ಇಷ್ಟು ಮಿಲಿಗ್ರಾಂ ಅಂತ ಬರೆದಿರುತ್ತಾರಲ್ಲ, ಅದನ್ನು ನಂಬಬಹುದೇ? ಅಮೆರಿಕದಲ್ಲಿ 2017ರಲ್ಲಿ ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿದ್ದರು. ಲೇಬಲ್ಲಿಗೆ ಹೊಂದುವಷ್ಟು ಇದ್ದದ್ದು ನೂರಕ್ಕೆ 31ರಲ್ಲಿ ಮಾತ್ರ. 18 ಬಾಟಲಿಗಳಲ್ಲಿ ಟಿಎಚ್‌ಸಿಯೂ ಸಿಕ್ಕಿತು. ನಮ್ಮಲ್ಲಿ ಇನ್ನೊಂದು ಗೊಂದಲ ಸೇರಿಕೊಂಡಿದೆ. ಗಾಂಜಾ ಬೀಜ ಮತ್ತು ಬೀಜದ ಎಣ್ಣೆಯನ್ನು ಆಹಾರವಾಗಿ ಮಾರಲು 2021ರಿಂದ ಅನುಮತಿ ಇದೆ. ಬೀಜದೊಳಗೆ ಸಿಬಿಡಿ ಹುಟ್ಟುವುದಿಲ್ಲ, ಅದು ಹೂವು-ಎಲೆಯ ಅಂಟಿನದು. ಎಣ್ಣೆಯಲ್ಲಿ ಇದ್ದರೂ ಸೋಕಿದಷ್ಟು ಮಾತ್ರ. ಹೊರಗಡೆ ಎಲೆಯ ಚಿತ್ರ ಮಾತ್ರ ಎರಡರ ಮೇಲೂ ಅದೇ.

ಇಲ್ಲಿ ಆ ತಾಯಿಯ ಬಾಟಲಿ ನೆನಪಾಯಿತು. ಅವತ್ತು ನಾನು ಕನ್ನಡಕ ಏರಿಸಿ, ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಲೆಯ ಚಿತ್ರದ ಕೆಳಗೆ ಇರುವೆ ಸಾಲಿನಂತಿದ್ದ ಅಕ್ಷರ ಓದಿದ್ದೆ. ಹೆಂಪ್ ಸೀಡ್ ಆಯಿಲ್, ಅಂದರೆ ಗಾಂಜಾ ಬೀಜದ ಎಣ್ಣೆ. ಶೇಂಗಾ ಎಣ್ಣೆ, ಕುಸುಬೆ ಎಣ್ಣೆಯ ಹಾಗೆ ಒಂದು ಬೀಜದ ಎಣ್ಣೆ, ಅಷ್ಟೇ. ಅದರಿಂದ ಕೂಸಿನ ಮಿದುಳಿಗೆ ಏನಾಗುತ್ತದೆ ಅನ್ನುವ ಪ್ರಶ್ನೆಯೇ ಅಲ್ಲಿರಲಿಲ್ಲ. ಫಿಟ್ಸ್ ತಡೆಯುವ ಶಕ್ತಿಯೂ ಇರಲಿಲ್ಲ.

"ಮಗಳು ಗುಳಿಗೆ ತಗೊಳ್ತಾ ಇದ್ದಾಳಲ್ಲ?" ಅಂದೆ.

ಆಕೆ ಸೀರೆಯ ಸೆರಗು ಸರಿಮಾಡಿಕೊಂಡರು. "ಈ ಎಣ್ಣಿ ಬಂದಾಗಿಂದ ಬಿಟ್ಟಾಳ್ರಿ. ನಾಕು ದಿನ ಆತು."

ಯಾವ ಗುಳಿಗೆ ಅಂತ ಚೀಟಿ ನೋಡಿದೆ. ಲೆವೆಟಿರಾಸೆಟಮ್. ಮದುವೆಗೆ ಮುಂಚೆಯೇ ಅವರ ಡಾಕ್ಟರು ವ್ಯಾಲ್ಪ್ರೋಯೇಟ್ ನಿಲ್ಲಿಸಿ, ಬಸುರಿಯಲ್ಲಿ ಹೆಚ್ಚು ನಂಬಬಹುದಾದ ಇದಕ್ಕೆ ಬದಲಾಯಿಸಿದ್ದರು. ಯಾಕೆ ಬದಲಾಯಿಸಿದರು ಅನ್ನುವುದನ್ನು ಮಾತ್ರ ಯಾರೂ ಇವರಿಗೆ ಕೂರಿಸಿಕೊಂಡು ಹೇಳಿರಲಿಲ್ಲ. ಗುಳಿಗೆ ತಟ್ಟನೆ ನಿಲ್ಲಿಸಿ ದೊಡ್ಡ ಫಿಟ್ಸ್ ಬಂದರೆ ತಾಯಿ ಬೀಳುತ್ತಾಳೆ, ಕೂಸಿಗೆ ಆಮ್ಲಜನಕ ಕಡಿಮೆಯಾಗುತ್ತದೆ, ಎರಡು ಜೀವಕ್ಕೂ ಅಪಾಯ ಅಂತ ನಾನು ಹೇಳುತ್ತಿರುವಾಗಲೇ ಆಕೆ ಚೀಲದಲ್ಲಿ ಮೊಬೈಲ್ ತಡಕುತ್ತಿದ್ದರು. ಬಾಟಲಿ ಟೇಬಲ್ ಮೇಲೇ ಉಳಿಯಿತು. ಕಾರಿಡಾರಿನಿಂದ ದನಿ ಕೇಳಿಸಿತು:

"ಹಲೋ, ಹಾಂ, ನಾನs ಅದೀನಿ. ಆ ಗುಳಿಗಿ ಡಬ್ಬಿ ಎಲ್ಲಿ ಇಟ್ಟೀದಿ? ಮೊದಲ ಅದನ್ನ ತಗಿ. ಡಾಕ್ಟರಿಗೆ ಈಗs ಫೋನ್ ಹಚ್ಚು, ನಾಕು ದಿನ ತಪ್ಪೇದ ಅಂತ ಹೇಳು. ಹೇಳಾಕ ನಾಚಬ್ಯಾಡ."